‘ನಿಯಂತ್ರಣ ತಪ್ಪಿ’ ಅಂದರೆ ಏನು ತಪ್ಪಿ?

ಯಾವ ದಿನದ ಜಿಲ್ಲಾ ಪುಟ ಬೇಕಾದರೂ ತೆಗೆಯಿರಿ. ಒಳಗೆಲ್ಲೋ ಒಂದು ಮೂಲೆಯಲ್ಲಿ ಈ ವಾಕ್ಯ ಇದ್ದೇ ಇರುತ್ತದೆ: ಚಾಲಕನ ನಿಯಂತ್ರಣ ತಪ್ಪಿ ಕಾರು ಮರಕ್ಕೆ ಡಿಕ್ಕಿ ಹೊಡೆದು ಇಬ್ಬರು ಸ್ಥಳದಲ್ಲೇ ಮೃತಪಟ್ಟಿದ್ದಾರೆ. ಮರದ ಬದಲು ಸೇತುವೆ ಇರಬಹುದು, ಕಾರಿನ ಬದಲು ಟ್ರ್ಯಾಕ್ಟರ್ ಇರಬಹುದು, ಇಬ್ಬರ ಬದಲು ಐವರು ಇರಬಹುದು. ಮೊದಲ ಮೂರು ಪದ ಮಾತ್ರ ಕದಲುವುದಿಲ್ಲ. ಠಾಣೆಯಿಂದ ಬರುವ ಮಾಹಿತಿಯಲ್ಲಿ ಅದೇ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದೇ, ಟಿವಿಯ ಕೆಳಗೆ ಓಡುವ ಪಟ್ಟಿಯಲ್ಲೂ ಅದೇ. ಓದಿದವರಿಗೆ ಕಾರಣ ತಿಳಿದಂತೆ ಅನ್ನಿಸುತ್ತದೆ. ನಿಜಕ್ಕೂ ಏನೂ ತಿಳಿದಿರುವುದಿಲ್ಲ. ನಿಯಂತ್ರಣ ತಪ್ಪಿದ್ದು ಕಾರಣ ಅಲ್ಲ, ಪರಿಣಾಮ. ‘ಉಸಿರು ನಿಂತು ಸತ್ತರು’ ಅಂದ ಹಾಗೆ.

ಈ ಮೂರು ಪದಗಳ ಒಳಗೆ ಏನೇನು ಅಡಗಿರುತ್ತದೆ ಎಂದು ನೋಡಬೇಕಾದರೆ, ನಿಯಂತ್ರಣ ತಪ್ಪುವುದನ್ನೇ ದಿನಗೂಲಿಯ ಹಾಗೆ ಮಾಡಿಕೊಂಡವರನ್ನು ನೋಡಬೇಕು. ಅಮೆರಿಕದ ಸ್ಟಾಕ್ ಕಾರ್ ರೇಸಿನ ಚಾಲಕರು ಅಂಥವರು. ನಮ್ಮಲ್ಲಿ ಫಾರ್ಮುಲಾ ಒನ್ ನೋಡುವವರು ಸಾಕಷ್ಟಿದ್ದಾರೆ, ನ್ಯಾಸ್ಕಾರ್ ನೋಡುವವರು ಕಡಿಮೆ. ‘ಅದೇನು, ಗಾಣದ ಎತ್ತಿನ ಹಾಗೆ ಎಡಕ್ಕೇ ಸುತ್ತುತ್ತಾರಲ್ಲ’ ಅನ್ನುವವರೂ ಇದ್ದಾರೆ. ಹೌದು, ಹೆಚ್ಚಿನ ಟ್ರ್ಯಾಕುಗಳಲ್ಲಿ ಎಡಕ್ಕೇ ಸುತ್ತುತ್ತಾರೆ. ಆದರೆ ಸುತ್ತುವ ವಾಹನ ಸುಮಾರು 1,450 ಕಿಲೋ ತೂಕದ್ದು, ನೂರಾರು ಅಶ್ವಶಕ್ತಿಯದ್ದು. ನಮ್ಮ ಊರಿನ ಸಾಧಾರಣ ಕಾರಿನಲ್ಲೂ ಈಗ ಇರುವ ಎಬಿಎಸ್ ಅದರಲ್ಲಿಲ್ಲ. ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಕೂಡ ಇಲ್ಲ. ಡೇಟೋನಾ ಟ್ರ್ಯಾಕಿನ ತಿರುವು 31 ಡಿಗ್ರಿ ಓರೆಯಾಗಿದೆ, ಟ್ಯಾಲಡೇಗಾದ್ದು 33 ಡಿಗ್ರಿ. ಆ ಗೋಡೆಯಂಥ ತಿರುವಿನಲ್ಲಿ ಸುಮಾರು 40 ಕಾರುಗಳು ಒಂದಕ್ಕೊಂದು ಅಂಟಿಕೊಂಡಂತೆ ಓಡುತ್ತವೆ.

ಇದು ಹಳ್ಳಿಗಾಡಿನಿಂದ ಬಂದ ಆಟ ಎನ್ನುವುದನ್ನೂ ಹೇಳಬೇಕು. ಅಮೆರಿಕದ ಆಗ್ನೇಯ ಭಾಗದ ಗುಡ್ಡಗಾಡಿನಲ್ಲಿ ಕಳ್ಳಭಟ್ಟಿ ಕಾಯಿಸುತ್ತಿದ್ದವರು ರಾತ್ರಿ ಹೊತ್ತು ಮಣ್ಣು ದಾರಿಗಳಲ್ಲಿ ಸರಕು ಸಾಗಿಸುತ್ತಿದ್ದರು. ಪೊಲೀಸರು ಎದುರಾದರೆ ಕಾರನ್ನು ಬೇಕೆಂದೇ ಜಾರಿಸಿ, ನಿಂತಲ್ಲೇ ತಿರುಗಿಸಿ, ಬಂದ ದಾರಿಯಲ್ಲೇ ಓಡಿಹೋಗುವುದು ಅವರ ಕಸುಬಿನ ಭಾಗ. 1948ರಲ್ಲಿ ನ್ಯಾಸ್ಕಾರ್ ಸಂಸ್ಥೆ ಹುಟ್ಟಿದಾಗ ಮೊದಲ ಸಾಲಿನ ಚಾಲಕರಲ್ಲಿ ಹಲವರು ಈ ಕಸುಬಿನವರು. ಜೂನಿಯರ್ ಜಾನ್ಸನ್ ಕಳ್ಳಭಟ್ಟಿ ಕೇಸಿನಲ್ಲಿ ಜೈಲಿಗೂ ಹೋಗಿ ಬಂದರು, 1986ರಲ್ಲಿ ಅಧ್ಯಕ್ಷ ರೇಗನ್ ಅವರಿಂದ ಕ್ಷಮಾದಾನವನ್ನೂ ಪಡೆದರು. ಜಾರುವುದು ಅವರಿಗೆ ಅಪಘಾತವಾಗಿರಲಿಲ್ಲ, ಉಪಾಯವಾಗಿತ್ತು.

ಈ ಚಾಲಕರ ಬಾಯಲ್ಲಿ ‘ಕಂಟ್ರೋಲ್ ತಪ್ಪಿತು’ ಎಂಬ ಮಾತು ಹೆಚ್ಚು ಬರುವುದಿಲ್ಲ. ಬರುವುದು ಎರಡು ಪದ: ಲೂಸ್ ಮತ್ತು ಟೈಟ್. ಹಿಂದಿನ ಚಕ್ರಗಳು ಹಿಡಿತ ಬಿಟ್ಟು ಕಾರಿನ ಬಾಲ ಹೊರಗೆ ಹೋಗುತ್ತಿದ್ದರೆ ಲೂಸ್. ಮುಂದಿನ ಚಕ್ರಗಳು ಹಿಡಿತ ಬಿಟ್ಟು, ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತಿದ್ದರೆ ಟೈಟ್. ಟೈಟ್ ಆದರೆ ಮುಂಭಾಗದಿಂದ ಗೋಡೆಗೆ ಗುದ್ದುತ್ತೀಯ, ಲೂಸ್ ಆದರೆ ಹಿಂಭಾಗದಿಂದ ಗುದ್ದುತ್ತೀಯ ಎಂಬುದು ಅಲ್ಲಿನ ಹಳೆಯ ತಮಾಷೆ. ಚಾಲಕ ರೇಡಿಯೊದಲ್ಲಿ ತನ್ನ ತಂಡಕ್ಕೆ ತಿರುವಿಗೆ ಇಳಿಯುವಾಗ ಹೇಗಿದೆ, ನಡುವೆ ಹೇಗಿದೆ, ಹೊರಬೀಳುವಾಗ ಹೇಗಿದೆ ಎಂದು ಬಿಡಿಸಿ ಹೇಳುತ್ತಾನೆ. ಅದನ್ನು ಕೇಳಿಕೊಂಡು ತಂಡದವರು ಪಿಟ್‌ಗೆ ಬಂದಾಗ ಹಿಂದಿನ ಗಾಜಿನ ಬಳಿಯ ತೂತಿನಲ್ಲಿ ಉದ್ದದ ಸ್ಪ್ಯಾನರ್ ಹಾಕಿ ಒಂದು ಸುತ್ತೋ ಅರ್ಧ ಸುತ್ತೋ ತಿರುಗಿಸುತ್ತಾರೆ. ಅದರಿಂದ ಯಾವ ಚಕ್ರದ ಮೇಲೆ ಎಷ್ಟು ಭಾರ ಕೂರಬೇಕು ಎಂಬುದು ಬದಲಾಗುತ್ತದೆ. ಟೈರಿನ ಗಾಳಿ ಒಂದಿಷ್ಟು ಇಳಿಸುತ್ತಾರೆ ಅಥವಾ ಏರಿಸುತ್ತಾರೆ. ‘ನಿಯಂತ್ರಣ ತಪ್ಪುತ್ತಿದೆ’ ಎಂದಷ್ಟೇ ಹೇಳುವ ಚಾಲಕನಿಂದ ಆ ಸ್ಪ್ಯಾನರ್ ಹಿಡಿದವನಿಗೆ ಯಾವ ಪ್ರಯೋಜನವೂ ಇಲ್ಲ.

ಇನ್ನೊಂದು ವಿಷಯ. ನಿಯಂತ್ರಣ ಎನ್ನುವುದು ಇದೆ ಅಥವಾ ಇಲ್ಲ ಎಂಬಂಥ ಲೈಟಿನ ಸ್ವಿಚ್ಚಲ್ಲ. ತಿರುವಿನಲ್ಲಿರುವ ಟೈರು ಸದಾ ಸ್ವಲ್ಪ ಜಾರುತ್ತಲೇ ಇರುತ್ತದೆ. ಆ ಸಣ್ಣ ಜಾರಿಕೆಯಲ್ಲೇ ಅದರ ಹಿಡಿತ ಗರಿಷ್ಠ ಮಟ್ಟಕ್ಕೆ ಮುಟ್ಟುತ್ತದೆ. ಆ ಗಡಿ ದಾಟಿದರೆ ಹಿಡಿತ ಕುಸಿಯುತ್ತದೆ. ಗೆಲ್ಲುವ ಚಾಲಕ ಮೂರು ನಾಲ್ಕು ಗಂಟೆ ಆ ಗಡಿಯ ಮೇಲೆಯೇ ಕೂತಿರುತ್ತಾನೆ. ಟೈರಿನ ಹಿಡಿತವನ್ನು ತಿಂಗಳ ಸಂಬಳ ಎಂದುಕೊಳ್ಳಿ. ತಿರುಗುವುದಕ್ಕೂ ಅದರಿಂದಲೇ ಖರ್ಚು, ಬ್ರೇಕಿಗೂ ಅದರಿಂದಲೇ, ವೇಗ ಏರಿಸುವುದಕ್ಕೂ ಅದರಿಂದಲೇ. ತಿರುವಿನಲ್ಲಿ ಪೂರ್ತಿ ಖರ್ಚು ಮಾಡಿ ಕೂತವನು ಬ್ರೇಕ್ ಒತ್ತಿದರೆ ಕೊಡಲು ಏನೂ ಉಳಿದಿರುವುದಿಲ್ಲ.

ಬಾಲ ಜಾರಿದಾಗ ಮನುಷ್ಯನ ಕಾಲು ತಾನಾಗಿಯೇ ಮಾಡುವ ಕೆಲಸ ಎರಡು: ಆಕ್ಸಿಲರೇಟರಿನಿಂದ ಪೂರ್ತಿ ಮೇಲೇಳುವುದು, ಬ್ರೇಕ್ ತುಳಿಯುವುದು. ಎರಡೂ ತಪ್ಪು. ಕಾಲು ತಟ್ಟನೆ ತೆಗೆದರೆ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಮೊದಲೇ ಜಾರುತ್ತಿದ್ದ ಹಿಂದಿನ ಚಕ್ರಗಳು ಇನ್ನೂ ಹಗುರಾಗುತ್ತವೆ. ಹಾಗಾಗಿ ಸ್ಟಾಕ್ ಕಾರ್ ಚಾಲಕ ಕಾಲನ್ನು ಮೆಲ್ಲಗೆ ಸಡಿಲಿಸುತ್ತಾನೆ, ಬಾಲ ಹೋದ ಕಡೆಗೇ ಸ್ಟಿಯರಿಂಗ್ ತಿರುಗಿಸುತ್ತಾನೆ, ಕಣ್ಣನ್ನು ಗೋಡೆಯ ಮೇಲಲ್ಲ, ಹೋಗಬೇಕಾದ ಜಾಗದ ಮೇಲೆ ಇಡುತ್ತಾನೆ. ಇಷ್ಟು ಎಲ್ಲ ಡ್ರೈವಿಂಗ್ ಪುಸ್ತಕಗಳಲ್ಲೂ ಇದೆ.

ಪುಸ್ತಕಗಳಲ್ಲಿ ಅಷ್ಟಾಗಿ ಸಿಗದ್ದು ಮುಂದಿನದು. ಬಾಲ ಜಾರಿತು, ಚಾಲಕ ಬಲಕ್ಕೆ ತಿರುಗಿಸಿದ, ಹಿಂದಿನ ಚಕ್ರಗಳಿಗೆ ಇದ್ದಕ್ಕಿದ್ದಂತೆ ಹಿಡಿತ ಸಿಕ್ಕಿತು. ಆಗ ಸ್ಟಿಯರಿಂಗ್ ಇನ್ನೂ ಬಲಕ್ಕೇ ಇದ್ದರೆ ಕಾರು ಚಿಮ್ಮಿದಂತೆ ಬಲಕ್ಕೆ, ಅಂದರೆ ಹೊರಗೋಡೆಯ ಕಡೆಗೆ, ಪೂರ್ತಿ ವೇಗದಲ್ಲಿ ಹೋಗುತ್ತದೆ. ಸುಮ್ಮನೆ ಗಿರಕಿ ಹೊಡೆಯುವುದಕ್ಕಿಂತ ಇದು ಹೆಚ್ಚು ಅಪಾಯ. ಅದಕ್ಕೇ ಅಲ್ಲಿನ ಹಳಬರು ಹೊಸಬರಿಗೆ ಕಲಿಸುವುದು ಜಾರಿದ ಕಾರನ್ನು ಹಿಡಿಯುವುದನ್ನು ಮಾತ್ರವಲ್ಲ, ಯಾವಾಗ ಹಿಡಿಯುವುದನ್ನು ಬಿಡಬೇಕು ಎಂಬುದನ್ನೂ. ಒಂದು ಮಟ್ಟ ದಾಟಿತೋ, ಬಿಟ್ಟುಬಿಡು, ಎಡಕ್ಕೆ ಒಳಗೆ ತಿರುಗಿಕೊಂಡು ಹೋಗಲಿ. ಎರಡೂ ಕಾಲು ಒಟ್ಟಿಗೆ ಒಳಕ್ಕೆ, ಕ್ಲಚ್ಚೂ ಬ್ರೇಕೂ. ಚಕ್ರಗಳು ಪೂರ್ತಿ ನಿಂತುಹೋದ ಕಾರು ತಾನು ಹೋಗುತ್ತಿದ್ದ ದಿಕ್ಕಿನಲ್ಲೇ ಜಾರುತ್ತದೆ, ಅಡ್ಡಾದಿಡ್ಡಿ ಓಡುವುದಿಲ್ಲ. ಹಿಂದೆ ಬರುವವರು ಅದನ್ನು ಊಹಿಸಬಹುದು. ಕ್ಲಚ್ ಒತ್ತಿದ್ದರೆ ಎಂಜಿನ್ ಬಂದ್ ಆಗುವುದಿಲ್ಲ, ಮತ್ತೆ ಹೊರಡಬಹುದು. ಬ್ರೇಕ್ ಬೇಗ ಬಿಟ್ಟು ಕಾರು ಓರೆಯ ಮೇಲಕ್ಕೋ ಕೆಳಕ್ಕೋ ಉರುಳಿ ಬರುವವರ ದಾರಿಗೆ ಅಡ್ಡ ನಿಂತರೆ ಅದು ದೊಡ್ಡ ಅಪರಾಧ. ಹಿಂದಿನವರಿಗೂ ಒಂದು ಪಾಠ ಇದೆ: ಗಿರಕಿ ಹೊಡೆಯುತ್ತಿರುವ ಕಾರು ಈಗ ಎಲ್ಲಿ ಕಾಣುತ್ತದೋ ಅಲ್ಲಿಗೇ ಗುರಿಯಿಡು, ನೀನು ಮುಟ್ಟುವ ಹೊತ್ತಿಗೆ ಅದು ಅಲ್ಲಿರುವುದಿಲ್ಲ. ಹೊಗೆಯಲ್ಲಿ ಏನೂ ಕಾಣದಿದ್ದಾಗ ಎತ್ತರದಲ್ಲಿ ನಿಂತ ಸ್ಪಾಟರ್ ಕಿವಿಯಲ್ಲಿ ‘ಮೇಲೆ ಹೋಗು’, ‘ಕೆಳಗೆ ಹೋಗು’ ಎನ್ನುತ್ತಿರುತ್ತಾನೆ.

ಇದನ್ನೆಲ್ಲ ಕಲಿಯುವುದು ಎಲ್ಲಿ? 2021ರ ಚಾಂಪಿಯನ್ ಕೈಲ್ ಲಾರ್ಸನ್ ಅವರಂಥವರು ಸಣ್ಣ ಊರುಗಳ ಮಣ್ಣಿನ ಟ್ರ್ಯಾಕುಗಳಲ್ಲಿ ಬೆಳೆದವರು. ಮಣ್ಣಿನಲ್ಲಿ ಎಡಕ್ಕೆ ತಿರುಗಲು ಸ್ಟಿಯರಿಂಗನ್ನು ಬಲಕ್ಕೆ ಹಿಡಿದೇ ಓಡಿಸಬೇಕು, ಅಂದರೆ ಇಡೀ ರೇಸೇ ಒಂದು ಜಾರಿಕೆ. ವಿಲಿಯಂ ಬೈರನ್ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಕಲಿತು ಬಂದವರು. ಸಾವಿರ ಸಲ ಜಾರಿದ ಮೇಲೆ ಕಾಲು ತಾನಾಗಿ ಬ್ರೇಕಿಗೆ ಹೋಗುವುದನ್ನು ಮರೆಯುತ್ತದೆ. ನಮ್ಮ ಆರ್‌ಟಿಒ ಮೈದಾನದಲ್ಲಿ ಮೊದಲ ಗೇರಿನಲ್ಲಿ ಎಂಟು ಹಾಕಿ ತೋರಿಸಿದರೆ ಲೈಸೆನ್ಸ್ ಸಿಗುತ್ತದೆ. ಅಲ್ಲಿ ಯಾವ ಚಕ್ರವೂ ಯಾವತ್ತೂ ಜಾರಿದ್ದಿಲ್ಲ.

ಹಾಗಾದರೆ ಎಲ್ಲರಿಗೂ ಜಾರುವ ತರಬೇತಿ ಕೊಡಿ ಅನ್ನುತ್ತೀರಾ ಎಂದು ಯಾರಾದರೂ ಕೇಳಬಹುದು. ಇಲ್ಲ. ನಾರ್ವೆಯಲ್ಲಿ ಹೊಸ ಚಾಲಕರಿಗೆ ಜಾರು ರಸ್ತೆಯ ತರಬೇತಿ ಕೊಟ್ಟು ನೋಡಿದರು. ಯುವಕರಲ್ಲಿ ಅಪಘಾತ ಇಳಿಯುವ ಬದಲು ಏರಿತು, ‘ನನಗೆ ಬರುತ್ತದೆ’ ಎಂಬ ಧೈರ್ಯಕ್ಕೆ. ಅದಲ್ಲದೆ ಸ್ಟಾಕ್ ಕಾರಿನ ವಿದ್ಯೆ ಹಾಗೇ ಇಲ್ಲಿಗೆ ಒಗ್ಗುವುದೂ ಇಲ್ಲ. ಅದು ಹಿಂದಿನ ಚಕ್ರದಿಂದ ಓಡುವ ಕಾರು. ನಮ್ಮ ಹೆಚ್ಚಿನ ಕಾರುಗಳು ಮುಂದಿನ ಚಕ್ರದಿಂದ ಓಡುವಂಥವು, ಅವು ಮಳೆಯಲ್ಲಿ ಸಾಮಾನ್ಯವಾಗಿ ಟೈಟ್ ಆಗುತ್ತವೆ. ತಿರುಗಿಸಿದರೂ ನೇರ ಹೋಗಿ ಗದ್ದೆಗೆ ಇಳಿಯುತ್ತವೆ. ಬೈಕಿನ ಮುಂದಿನ ಚಕ್ರ ಜಾರಿದರಂತೂ ಯೋಚಿಸಲು ಸಮಯವೇ ಇಲ್ಲ, ಸವಾರ ಆಗಲೇ ನೆಲದ ಮೇಲಿರುತ್ತಾನೆ. 125 ಸಿಸಿ ಮೀರಿದ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದ್ದು ದೊಡ್ಡ ಉಪಕಾರ. ನಮಗೆ ಆ ಚಾಲಕರಿಂದ ಬೇಕಾಗಿರುವುದು ಕೈಚಳಕ ಅಲ್ಲ, ಅವರ ಪ್ರಶ್ನೆಗಳು. ಯಾವ ಚಕ್ರ? ಎಲ್ಲಿ? ಆ ಜಾಗದಲ್ಲೇ ಯಾಕೆ? ಆಮೇಲೆ ಕಾರು ಹೋಗಿ ಬಡಿದದ್ದು ಯಾವುದಕ್ಕೆ?

ಕೊನೆಯ ಪ್ರಶ್ನೆಯನ್ನು ನ್ಯಾಸ್ಕಾರ್ ತಾನಾಗಿ ಕೇಳಿಕೊಳ್ಳಲಿಲ್ಲ ಎಂಬುದು ನಮ್ಮಂಥ ಪತ್ರಿಕೋದ್ಯಮ ಓದಿದವರು ಗಮನಿಸಬೇಕಾದ ಸಂಗತಿ. 2000ದ ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಶೈರ್ ಟ್ರ್ಯಾಕಿನಲ್ಲಿ 19 ವರ್ಷದ ಆಡಂ ಪೆಟ್ಟಿ ಗೋಡೆಗೆ ಬಡಿದು ಸತ್ತರು. ಜುಲೈಯಲ್ಲಿ ಅದೇ ಟ್ರ್ಯಾಕಿನ ಅದೇ ತಿರುವಿನಲ್ಲಿ ಕೆನ್ನಿ ಅರ್ವಿನ್. ಅಕ್ಟೋಬರಿನಲ್ಲಿ ಟೆಕ್ಸಾಸಿನಲ್ಲಿ ಟೋನಿ ರೋಪರ್. 2001ರ ಫೆಬ್ರುವರಿ 18ರಂದು ಡೇಟೋನಾ 500 ರೇಸಿನ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ, ಏಳು ಬಾರಿಯ ಚಾಂಪಿಯನ್ ಡೇಲ್ ಅರ್ನ್‌ಹಾರ್ಟ್. ಅವರ ಕಾರು ಇನ್ನೊಂದಕ್ಕೆ ತಾಗಿ ಮೊದಲು ಎಡಕ್ಕೆ ಇಳಿಯಿತು, ಆಮೇಲೆ ಚಿಮ್ಮಿ ಬಲಕ್ಕೆ ಏರಿ ಗೋಡೆಗೆ ಹೋಯಿತು. ಟಿವಿಯಲ್ಲಿ ನೋಡಿದವರಿಗೆ ಅದು ದೊಡ್ಡ ಅಪಘಾತದಂತೆ ಕಾಣಲೇ ಇಲ್ಲ. ನಾಲ್ಕಕ್ಕೂ ‘ನಿಯಂತ್ರಣ ತಪ್ಪಿ ಗೋಡೆಗೆ ಡಿಕ್ಕಿ’ ಎಂದು ಬರೆದು ಮುಗಿಸಬಹುದಿತ್ತು. ಸುಳ್ಳೇನೂ ಆಗುತ್ತಿರಲಿಲ್ಲ.

ಆದರೆ ಫ್ಲಾರಿಡಾದ ‘ಒರ್ಲಾಂಡೊ ಸೆಂಟಿನೆಲ್’ ಪತ್ರಿಕೆ ಡೇಟೋನಾ ರೇಸಿಗೆ ಕೆಲವೇ ದಿನ ಮೊದಲು ಈ ಸಾವುಗಳ ಬಗ್ಗೆ ಸರಣಿ ಬರೆದಿತ್ತು. ಸತ್ತವರ ತಲೆಬುರುಡೆಯ ತಳಭಾಗ ಮುರಿದಿದೆ, ಬೆಲ್ಟು ದೇಹವನ್ನು ಹಿಡಿದಿದ್ದರೂ ತಲೆ ಮುಂದಕ್ಕೆ ಬೀಸಿದ್ದೇ ಕಾರಣ, ಅದನ್ನು ತಡೆಯುವ ಸಾಧನ ಮಾರುಕಟ್ಟೆಯಲ್ಲಿದೆ, ಹಾಕುವವರಿಲ್ಲ ಎಂಬುದು ಅದರ ಸಾರ. ಆ ಸಾಧನದ ಹೆಸರು ಹ್ಯಾನ್ಸ್. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್ ಮತ್ತು ರೇಸ್ ಚಾಲಕ ಜಿಮ್ ಡೌನಿಂಗ್ ಎಂಬ ಭಾವ ಮೈದುನರು 1980ರ ದಶಕದಲ್ಲೇ ಮಾಡಿದ್ದು. ಅರ್ನ್‌ಹಾರ್ಟ್ ಸತ್ತ ದಿನ ಬೆರಳೆಣಿಕೆಯ ಚಾಲಕರು ಮಾತ್ರ ಅದನ್ನು ಹಾಕಿದ್ದರು. ಅವರು ಹಾಕಿರಲಿಲ್ಲ.

ಸಾವಿನ ಕೆಲವೇ ದಿನಕ್ಕೆ ನ್ಯಾಸ್ಕಾರ್, ಸೀಟ್ ಬೆಲ್ಟ್ ಬೇರ್ಪಟ್ಟಿತ್ತು ಎಂದಿತು. ಪತ್ರಿಕೆ ಮರಣೋತ್ತರ ಪರೀಕ್ಷೆಯ ಫೋಟೊಗಳನ್ನು ತಜ್ಞರಿಗೆ ತೋರಿಸಬೇಕು, ಪ್ರಕಟಿಸುವುದಿಲ್ಲ ಎಂದು ಪಟ್ಟು ಹಿಡಿಯಿತು. ಪತ್ನಿ ಟೆರೆಸಾ ಅರ್ನ್‌ಹಾರ್ಟ್ ಕೋರ್ಟಿಗೆ ಹೋದರು. ಕೊನೆಗೆ ರಾಜಿಯಾಗಿ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಬ್ಯಾರಿ ಮೈಯರ್ಸ್ ಒಬ್ಬರೇ ಆ ಫೋಟೊಗಳನ್ನು ನೋಡಿದರು. ಸಾವಿಗೆ ಬೆಲ್ಟು ಕಾರಣವಲ್ಲ, ತಲೆ ಬೀಸಿದ್ದೇ ಕಾರಣ ಎಂದು ಏಪ್ರಿಲ್‌ನಲ್ಲಿ ವರದಿ ಕೊಟ್ಟರು. ಆಗಸ್ಟಿನಲ್ಲಿ ಬಂದ ನ್ಯಾಸ್ಕಾರ್‌ನ ಸ್ವಂತ ವರದಿ ಹಲವು ಅಂಶಗಳನ್ನು ಒಟ್ಟಿಗೆ ಹೆಸರಿಸಿತು. ಅಕ್ಟೋಬರಿನಲ್ಲಿ ತಲೆ ಹಿಡಿಯುವ ಸಾಧನ ಕಡ್ಡಾಯವಾಯಿತು. ಇದರ ನಡುವೆ ಫ್ಲಾರಿಡಾ ಶಾಸನಸಭೆ ಇಂಥ ಫೋಟೊಗಳನ್ನು ಕೋರ್ಟಿನ ಅನುಮತಿಯಿಲ್ಲದೆ ಯಾರಿಗೂ ತೋರಿಸದಂತೆ ಕಾನೂನು ಮಾಡಿತು. ಅದನ್ನು ಪ್ರಶ್ನಿಸಿ ಹೋಗಿದ್ದು ಫ್ಲಾರಿಡಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪತ್ರಿಕೆ ‘ಅಲಿಗೇಟರ್’. ಅವರು ಸೋತರು.

ಈ ಕೇಸಿನಲ್ಲಿ ನಾವು ಯಾರ ಪರ? ನಮ್ಮೊಳಗೇ ಒಮ್ಮತವಿಲ್ಲ, ಆದರೆ ಹೆಚ್ಚಿನವರು ಒಪ್ಪಿದ್ದು ಇಷ್ಟು: ಫೋಟೊ ಕುಟುಂಬದ್ದು, ಕಾರಣ ಎಲ್ಲರದ್ದು. ಸೆಂಟಿನೆಲ್ ಒಪ್ಪಿಕೊಂಡ ದಾರಿ ಸರಿಯಾಗಿತ್ತು. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಅಪಘಾತ ಆದ ಹತ್ತು ನಿಮಿಷಕ್ಕೆ ರಕ್ತದ ಫೋಟೊ ತಾಲ್ಲೂಕಿನ ಎಲ್ಲ ಮೊಬೈಲುಗಳಿಗೂ ಬಂದಿರುತ್ತದೆ. ಕಾರಣ ಹತ್ತು ವರ್ಷಕ್ಕೂ ಬರುವುದಿಲ್ಲ.

ಅಂದಿನಿಂದ ಕಪ್ ಸರಣಿಯ ರೇಸುಗಳಲ್ಲಿ ಯಾವ ಚಾಲಕರೂ ಸತ್ತಿಲ್ಲ. ಕಾರುಗಳು ಗಿರಕಿ ಹೊಡೆಯುವುದು ಕಡಿಮೆಯಾಯಿತು ಎಂದಲ್ಲ, ಈಗಲೂ ವಾರ ವಾರ ಹೊಡೆಯುತ್ತವೆ. ಹಿಂದುಮುಂದಾದ ಕಾರು ಗಾಳಿಗೆ ಎದ್ದು ಹಾರದಂತೆ ಚಾವಣಿಯಲ್ಲಿ ತಾನಾಗಿ ತೆರೆದುಕೊಳ್ಳುವ ರೆಕ್ಕೆಗಳು 1994ರಲ್ಲೇ ಬಂದಿದ್ದವು. 2002ರಲ್ಲಿ ಇಂಡಿಯಾನಾಪೊಲಿಸ್ ಟ್ರ್ಯಾಕಿನ ಕಾಂಕ್ರೀಟ್ ಗೋಡೆಯ ಮುಂದೆ ಉಕ್ಕಿನ ಕೊಳವೆ ಮತ್ತು ಫೋಮ್ ಸೇರಿದ ‘ಸೇಫರ್’ ತಡೆಗೋಡೆ ಬಂತು. ಅದನ್ನು ಮಾಡಿದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಪ್ರಯೋಗಾಲಯದ ಮುಖ್ಯ ಕೆಲಸ ರೇಸ್ ಅಲ್ಲ, ಹೆದ್ದಾರಿ ಬದಿಯ ತಡೆಬೇಲಿ! 2015ರ ಫೆಬ್ರುವರಿಯಲ್ಲಿ ಡೇಟೋನಾದಲ್ಲಿ ಕೈಲ್ ಬುಷ್ ಅವರ ಕಾರು ಹುಲ್ಲಿನ ಮೇಲೆ ಜಾರಿತು. ಹುಲ್ಲಿನಲ್ಲಿ ಬ್ರೇಕಿಗೆ ಬೆಲೆಯಿಲ್ಲ. ಹೋಗಿ ಬಡಿದದ್ದು ಸೇಫರ್ ಹಾಕದೆ ಬಿಟ್ಟಿದ್ದ ಒಂದು ತುಂಡು ಗೋಡೆಗೆ. ಬಲಗಾಲೂ ಎಡ ಪಾದವೂ ಮುರಿದವು. ಅಂದು ಸಂಜೆಯೇ ಟ್ರ್ಯಾಕಿನ ಮುಖ್ಯಸ್ಥರು ಪತ್ರಕರ್ತರ ಮುಂದೆ ಬಂದು ಆ ಗೋಡೆ ಹಾಗಿರಬಾರದಿತ್ತು, ಉಳಿದ ಎಲ್ಲ ಕಡೆಯೂ ಹಾಕಿಸುತ್ತೇವೆ ಎಂದರು. ಬುಷ್ 11 ರೇಸ್ ತಪ್ಪಿಸಿಕೊಂಡು ಮರಳಿದರು, ಆ ವರ್ಷದ ಚಾಂಪಿಯನ್ ಕೂಡ ಆದರು. ಆ ಸಂಜೆ ಚರ್ಚೆಯಾಗಿದ್ದು ಚಾಲಕನಲ್ಲ, ಗೋಡೆ.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. 2023ರಲ್ಲೂ ಅದೇ ನಾಲೆಗೆ ಕಾರುಗಳು ಬಿದ್ದು ಜನ ಸತ್ತರು. ಗದ್ದೆಗೆ ಇಳಿದಿದ್ದರೆ ಬೈಗುಳದಲ್ಲಿ ಮುಗಿಯಬಹುದಾದ ಜಾರಿಕೆ ನಾಲೆಯಂಚಿನಲ್ಲಿ ಸಾಮೂಹಿಕ ಸಾವಾಗುತ್ತದೆ. ನಡುವೆ ಇರಬೇಕಾದ್ದು ಒಂದು ತಡೆಗೋಡೆ. ‘ನಿಯಂತ್ರಣ ತಪ್ಪಿ ನಾಲೆಗೆ’ ಎಂಬ ವಾಕ್ಯದಲ್ಲಿ ಆ ಗೋಡೆಗೆ ಜಾಗವೇ ಇಲ್ಲ.

ಇದು ಬರೀ ಭಾಷೆಯ ವಿಷಯವಲ್ಲ. ತಪ್ಪೆಲ್ಲ ಚಾಲಕನದೇ ಎಂದು ದಾಖಲಾದರೆ, ಅವನು ಸತ್ತಿದ್ದರೂ ಕೇಸು ಅವನ ಮೇಲೆಯೇ ಬೀಳುತ್ತದೆ, ಆರೋಪಿ ಮೃತ ಎಂದು ಕಡತ ಮುಚ್ಚುತ್ತದೆ. ಅವನ ಹೆಂಡತಿ ಮಕ್ಕಳು ವಿಮೆಯಿಂದ ಪರಿಹಾರ ಕೇಳುವ ದಾರಿ ಬಹಳ ಕಿರಿದಾಗುತ್ತದೆ. ಇನ್ನೊಂದು ಕಡೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ ಇದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಪ್ರಾಧಿಕಾರ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ದೊಡ್ಡ ಮೊತ್ತವೇನಲ್ಲ. ಆದರೆ ಆ ಕಲಂ ಬಳಸಬೇಕಾದರೆ ರಸ್ತೆ ಹೇಗಿತ್ತು ಎಂದು ಯಾರಾದರೂ ಮೊದಲ ದಿನವೇ ಬರೆದಿಟ್ಟಿರಬೇಕಲ್ಲ? ಮೂರನೇ ದಿನಕ್ಕೆ ಜಲ್ಲಿ ಗುಡಿಸಿರುತ್ತಾರೆ, ಗುಂಡಿಗೆ ಮಣ್ಣು ಬಿದ್ದಿರುತ್ತದೆ.

ಹುರುಳಿ ಒಕ್ಕಣೆಯ ಕಾಲ ನೆನಪಿಸಿಕೊಳ್ಳಿ. ಕಣ ಮಾಡುವವರು ಕಡಿಮೆಯಾಗಿ, ಊರ ಮುಂದಿನ ಡಾಂಬರು ರಸ್ತೆಯೇ ಕಣವಾಗಿದೆ. ಹುರುಳಿ, ರಾಗಿ ತೆನೆ ಹರಡಿದ ಮೇಲೆ ಬೈಕಿನ ಟೈರಿಗೆ ಡಾಂಬರು ಸಿಗುವುದೇ ಇಲ್ಲ, ಕೆಳಗೆ ಕಾಳು, ಮೇಲೆ ಹೊಟ್ಟು. ರೈತರನ್ನು ಬೈದು ಬರೆಯುವುದು ಸುಲಭ. ಪಂಚಾಯಿತಿಗೊಂದು ಸಾಮೂಹಿಕ ಕಣ ಯಾಕಿಲ್ಲ ಎಂದು ಕೇಳಿ ಬರೆಯುವುದಕ್ಕೆ ಒಂದು ಫೋನು ಹೆಚ್ಚು ಮಾಡಬೇಕು. ಆದರೆ ಬೈಕಿನವನು ಬಿದ್ದ ದಿನ ‘ಆಯತಪ್ಪಿ ಬಿದ್ದು’ ಎಂದು ಬಂದರೆ ಆ ಫೋನು ಮಾಡುವ ಕಾರಣವೇ ಉಳಿಯುವುದಿಲ್ಲ.

ಡೆಸ್ಕಿನಲ್ಲಿ ಕೂತ ಗೆಳೆಯರು ಹೇಳುವ ಉತ್ತರ ನಮಗೆ ಗೊತ್ತು: ಜಾಗ ಇಲ್ಲ, ಸಮಯ ಇಲ್ಲ, ಪೊಲೀಸರು ಹೇಳಿದ್ದಷ್ಟನ್ನೇ ಹಾಕಬೇಕು. ಮೂರನೆಯದರಲ್ಲಿ ಸ್ವಲ್ಪ ಹುರುಳಿದೆ (ಒಕ್ಕುವ ಹುರುಳಿ ಅಲ್ಲ). ತನಿಖೆಗೆ ಮೊದಲೇ ತೀರ್ಪು ಕೊಡಲು ನಮಗೆ ಅಧಿಕಾರವಿಲ್ಲ. ಆದರೆ ‘ಚಾಲಕನ ನಿಯಂತ್ರಣ ತಪ್ಪಿ’ ಎನ್ನುವುದೂ ತೀರ್ಪೇ ಅಲ್ಲವೇ? ಕಂಡದ್ದನ್ನು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಒಂದು ಮಾದರಿ ಹೀಗಿರಬಹುದು: ‘ರಸ್ತೆ ಮೇಲೆ ಹುರುಳಿ ಹರಡಿದ್ದ ತಿರುವಿನಲ್ಲಿ ಬೈಕ್ ಜಾರಿ ಬಿದ್ದು, ಸವಾರ ಮೋರಿ ಕಟ್ಟೆಗೆ ಬಡಿದು ಮೃತಪಟ್ಟರು. ಹೆಲ್ಮೆಟ್ ಪಕ್ಕದಲ್ಲಿ ಬಿದ್ದಿತ್ತು. ತಿರುವಿನಲ್ಲಿ ಸೂಚನಾ ಫಲಕ ಇರಲಿಲ್ಲ.’ ಎಣಿಸಿ ನೋಡಿದೆವು, ಹಳೆಯ ವಾಕ್ಯಕ್ಕಿಂತ ಒಂದು ಸಾಲು, ಹೆಚ್ಚೆಂದರೆ ಎರಡು ಸಾಲು ಜಾಸ್ತಿ.